ರೊಟ್ಟಿ ಸದ್ದು ಕೇಳಿ ಹಿಡಿದ ಮನೆ

ಆಗಷ್ಟೇ ಬೀಸಿದ ಜೋಳದ ಹಿಟ್ಟಿಗೆ ಒಂದು ಬಿಸಿ ಇರುತ್ತದೆ, ನಿಮಗೂ ಗೊತ್ತಿದ್ದೀತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡರೆ ಮಲಗಿದ ಕೂಸಿನ ಹಾಗೆ ಬೆಚ್ಚಗಿರುತ್ತದೆ. ಹೋದ ತಿಂಗಳು ಒಂದು ರವಿವಾರ ಅಂಥದೊಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮಗಳ ಕಾರಿನಲ್ಲಿ ಶಂಶಾಬಾದ್ ಕಡೆ ಹೊರಟಿದ್ದೆ. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಇರುವ ಗಿರಣಿಯವನು ರವಿವಾರ ಹನ್ನೊಂದರ ತನಕ ಮಾತ್ರ ಜೋಳ ಹಾಕುತ್ತಾನೆ. ಗೋಧಿಯ ಸರದಿ ಬಂತೋ, ಜೋಳ ಮುಂದಿನ ವಾರದ ಮಾತು. ನಾನು ಚೀಲ ಹೊತ್ತು ಗೇಟಿನ ಹತ್ತಿರ ಬರುವುದಕ್ಕೂ ಮಗಳು ಕಾರು ಹೊರಗೆ ತೆಗೆಯುವುದಕ್ಕೂ ಸರಿಹೋಯಿತು. ನಾಲ್ಕನೆಯ ಮಹಡಿಗೆ ಹೋಗಿ ಇಟ್ಟು ಬರೋಣವೆಂದರೆ ಲಿಫ್ಟ್ ಕೆಟ್ಟಿತ್ತು. ಹೀಗಾಗಿ ಹಿಟ್ಟೂ ನಮ್ಮ ಜೊತೆ ಮನೆ ನೋಡಲು ಬಂತು.

"ಮಮ್ಮಿ, ಕಾರ್ ತುಂಬ ಗಿರಣಿ ವಾಸನಿ ಹೊಡ್ಯಾಕತ್ತೈತಿ," ಎಂದಳು ಅಶ್ವಿನಿ, ಕಿಟಕಿ ಇಳಿಸುತ್ತ.

"ಇರ್ಲಿ ಬಿಡು. ನಿನ್ನ ಆ ಡಬ್ಬಿ ಸೆಂಟಿಗಿಂತ ಛಲೋ ಐತಿ," ಎಂದೆ. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮೊಮ್ಮಗಳು ಇರಾ ನಿದ್ದೆಹೋಗಿದ್ದಳು.

ಅಶ್ವಿನಿಗೆ ವಿಮಾನ ನಿಲ್ದಾಣದ ಸರಕು ಸಾಗಣೆ ವಿಭಾಗದಲ್ಲಿ ಕೆಲಸ. ಮದುವೆಯಾದ ಮೇಲೆ ಪುಣೆಯಲ್ಲಿದ್ದವಳಿಗೆ ಈಗ ಇಲ್ಲಿಗೆ ವರ್ಗವಾಗಿದೆ. ಅಳಿಯ ಎರಡು ತಿಂಗಳು ಬಿಟ್ಟು ಬರುತ್ತಾನೆ. ಅಷ್ಟರೊಳಗೆ ಮನೆ ಹುಡುಕಿ, ಇರಾಳನ್ನು ಶಾಲೆಗೆ ಹಾಕಬೇಕು. ಅದಕ್ಕಾಗಿ ಮೊಬೈಲಿನಲ್ಲಿ ಒಂದು ಪಟ್ಟಿ ಮಾಡಿಕೊಂಡಿದ್ದಾಳೆ. ಶಾಲೆ ಎಷ್ಟು ದೂರ, ಆಟದ ಜಾಗ ಇದೆಯೇ, ಗೇಟಿಗೆ ಕಾವಲುಗಾರ ಇದ್ದಾನೆಯೇ, ಕರೆಂಟ್ ಹೋದರೆ ಲಿಫ್ಟ್ ನಡೆಯುತ್ತದೆಯೇ, ಕ್ಯಾಮೆರಾ ಎಷ್ಟಿವೆ. ಬೆರಳಿನಿಂದ ಸರಿಸುತ್ತ ಹೋದರೆ ಪಟ್ಟಿ ಮುಗಿಯುವುದೇ ಇಲ್ಲ. ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ ಬಾಬು. ಅಕ್ಕಪಕ್ಕದಲ್ಲಿ ನಮ್ಮ ಮಂದಿ ಇರಬೇಕು.

ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ನಗುವ ಸಂಗತಿ ಇದೆ. ನಾನು ಮೂವತ್ತು ವರ್ಷ ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತಳಾದವಳು. ಈ ಊರಿನ ಎಷ್ಟೋ ಕಾಲೊನಿಗಳು ಮೊದಲು ಹುಟ್ಟಿದ್ದು ನನ್ನ ಮೇಜಿನ ಮೇಲೆ. ಇಲ್ಲಿ ರಸ್ತೆ, ಇಲ್ಲಿ ಶಾಲೆ, ಇಲ್ಲಿ ಮಕ್ಕಳ ಉದ್ಯಾನ ಎಂದು ಹಸಿರು ಬಣ್ಣ ತುಂಬುತ್ತಿದ್ದೆ. ನಾನು ಹಸಿರು ತುಂಬಿದ ಒಂದು ಜಾಗದಲ್ಲಿ ಈಗ ಮದುವೆ ಮಂಟಪವಿದೆ. ಅಲ್ಲೇ ಒಮ್ಮೆ ಊಟ ಮಾಡಿ ಬಂದಿದ್ದೇನೆ, ಊಟ ಚೆನ್ನಾಗಿತ್ತು. ಇಷ್ಟೊಂದು ಕಾಲೊನಿ ಬರೆದವಳಿಗೆ ಮಗಳಿಗೊಂದು ಮನೆ ತೋರಿಸಲು ಬರುವುದಿಲ್ಲ.

ನಿಜ ಹೇಳಬೇಕೆಂದರೆ ತೋರಿಸಿದ್ದೆ. ನಮ್ಮ ಹಿಂದಿನ ಓಣಿಯಲ್ಲೇ ಒಂದು ಫ್ಲ್ಯಾಟ್ ಖಾಲಿ ಇತ್ತು. ಆ ಕಟ್ಟಡದಲ್ಲಿ ನಾಲ್ಕು ಮನೆ ಕನ್ನಡದವರು. ದಸರೆಗೆ ಬನ್ನಿ ಕೊಡಲು, ಒಂದು ಪಾವು ಜೋಳದ ಹಿಟ್ಟು ಕೈಗಡ ತರಲು ಏನೂ ತೊಂದರೆಯಿಲ್ಲ. ಇರಾ ದಿನಾ ಕಣ್ಣೆದುರು ಇರುತ್ತಾಳೆ. ಆದರೆ ಅಲ್ಲಿಂದ ಅಶ್ವಿನಿಯ ಕೆಲಸಕ್ಕೆ ಹೋಗಿ ಬರುವುದೇ ಒಂದು ಸಂಸಾರ. ಪಾಳಿಯ ಕೆಲಸ, ಹೊತ್ತಿಲ್ಲ ಗೊತ್ತಿಲ್ಲ. "ಮಮ್ಮಿ, ಕೂಸು ನಿಮ್ಮ ಕಣ್ಣಿಗೆ ಬೀಳತಾಳ, ನನ್ನ ಕಣ್ಣಿಗೆ ಬೀಳಬೇಕಲ್ಲ," ಎಂದಳು. ಮಾತಿನಲ್ಲಿ ಸೋತಾಗ ಮುಖ ಗಂಟಿಕ್ಕಿಕೊಳ್ಳುವುದು ನಮ್ಮ ಮನೆತನದ ಪದ್ಧತಿ. ಹದಿನೈದು ದಿನಗಳಿಂದ ಅದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದಿದ್ದೆ.

ಅವತ್ತು ಮೂರು ಕಡೆ ನೋಡಿದೆವು. ಒಂದರ ಹೆಸರು ಯಾವುದೋ ಇಟಲಿ ಊರಿನದು. ಇನ್ನೊಂದರಲ್ಲಿ ಕಾರಂಜಿಯ ಸುತ್ತ ಕಲ್ಲಿನ ಹಂಸಗಳಿದ್ದವು. ಅಶ್ವಿನಿ ಒಳಗೆ ನಲ್ಲಿ ತಿರುಗಿಸಿ ನೋಡುತ್ತಿದ್ದರೆ ನಾನು ಹೊರಗೆ ಕಾವಲುಗಾರನನ್ನು ಹಿಡಿದು, ಇಲ್ಲಿ ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದೆ. ಮೂರನೆಯ ಕಡೆ ಅವಳ ತಾಳ್ಮೆ ಮುಗಿಯಿತು.

"ಮಮ್ಮಿ, ನಾವು ಮನಿ ನೋಡಾಕ ಬಂದೀವೋ, ಜನಗಣತಿ ಮಾಡಾಕ ಬಂದೀವೋ?"

ವಾತಾವರಣ ಹಗುರ ಮಾಡೋಣವೆಂದು ನಾನು, "ನಮ್ಮವ್ವ ರೊಟ್ಟಿ ಸದ್ದು ಕೇಳಿ ಮನಿ ಹಿಡಿದಿದ್ಳು, ಗೊತ್ತೇನು?" ಎಂದು ಶುರುಮಾಡಿದೆ.

"ಗೊತ್ತೈತಿ. ಅಜ್ಜಿ ಕಿವಿ ಕಥಿ. ನೂರು ಸಲ ಕೇಳೀನಿ," ಎಂದು ಅವಳು ರಸ್ತೆ ನೋಡತೊಡಗಿದಳು.

ಅವಳು ಕೇಳಿದ್ದಾಳೆ, ನೀವು ಕೇಳಿಲ್ಲವಲ್ಲ. ಹಿಟ್ಟಿನ ಬಿಸಿ ಇನ್ನೂ ಆರಿಲ್ಲ, ಕೇಳಿ.

ನಾನು ಒಂಬತ್ತು ವರ್ಷದವಳಿದ್ದಾಗ ನಾವು ಸಿಂದಗಿಯಲ್ಲಿದ್ದೆವು. ಅಜ್ಜಿ, ಅಂದರೆ ಅಪ್ಪನ ತಾಯಿ, ಅವ್ವ, ನಾನು, ಮೂರು ವರ್ಷದ ತಂಗಿ ಸುಮಾ. ಅಪ್ಪ ಹೈದರಾಬಾದಿನಲ್ಲಿ ಬೀಜದ ಕಂಪನಿಯೊಂದರ ಗುಮಾಸ್ತ. ಮೆಹದಿಪಟ್ಟಣಂನ ಬಸ್ ಸ್ಟ್ಯಾಂಡಿನ ಹತ್ತಿರ ಇನ್ನಿಬ್ಬರ ಜೊತೆ ಒಂದು ಕೋಣೆಯಲ್ಲಿದ್ದು, ತಿಂಗಳಿಗೊಮ್ಮೆ ಊರಿಗೆ ಬರುತ್ತಿದ್ದ. ಬರುವಾಗ ಉಸ್ಮಾನಿಯಾ ಬಿಸ್ಕತ್ತು ತರುತ್ತಿದ್ದ. ಎರಡು ದಿನ ಇದ್ದು, ನಾವು ಬಿಸ್ಕತ್ತು ಮುಗಿಸುವ ಮೊದಲೇ ಹೊರಟುಬಿಡುತ್ತಿದ್ದ. ಹೀಗೆ ಎರಡು ವರ್ಷ ನಡೆದಿತ್ತು.

ಅವ್ವನಿಗೆ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ ಹೋಗುವ ಆಸೆ ಎಷ್ಟಿತ್ತೆಂಬುದು ನನಗಾಗ ತಿಳಿಯುತ್ತಿರಲಿಲ್ಲ. ಆಸೆಯನ್ನು ಬಾಯಿಬಿಟ್ಟು ಹೇಳುವ ಹೆಂಗಸು ಅವಳಲ್ಲ. ಆದರೆ ಒಂದು ದಿನ ಅಪ್ಪ ಬಂದು ಪಡಸಾಲೆಯಲ್ಲಿ ಕೂತು ಸುಮಾಳನ್ನು ಕರೆದ. ಅವಳು ಬಾಗಿಲ ಮರೆಗೆ ಸರಿದು ಅವ್ವನ ಸೀರೆ ಜಗ್ಗಿ, "ಅವ್ವಾ, ಮಾಮಾ ಬಂದಾನ," ಎಂದಳು. ಮನೆಗೆ ಬರುವ ಗಂಡಸರಿಗೆಲ್ಲ ಮಾಮಾ ಎನ್ನುವುದು ಅವಳ ರೂಢಿ. ಅಜ್ಜಿ ನಕ್ಕಳು. ಅಪ್ಪನೂ ನಕ್ಕ, ಆದರೆ ಬಿಸ್ಕತ್ತಿನ ಪೊಟ್ಟಣದ ದಾರ ಬಿಚ್ಚುತ್ತಿದ್ದ ಅವನ ಕೈ ನಿಂತುಬಿಟ್ಟಿತು. ಅವ್ವ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವತ್ತು ಊಟವಾದ ಮೇಲೆ ಅವ್ವ ಮೊದಲ ಸಲ ಅತ್ತೆಯ ಎದುರು ಕೂತು ಮಾತಾಡಿದಳು. ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿ ಒಂದು ಷರತ್ತು ಹಾಕಿದಳು.

"ಬಾಜೂಕ ನಮ್ಮ ಮಂದಿ ಇದ್ರ ಹೋಗ್ರಿ, ನಾ ಬ್ಯಾಡ ಅನ್ನೂದಿಲ್ಲ. ಇಲ್ಲಂದ್ರ ಹುಡುಗ್ರನ್ನ ಇಲ್ಲೇ ಬಿಡ್ರಿ. ಭಾಷಾ ತಿಳೀದ ಓಣ್ಯಾಗ ಕೂಸು ಬಿದ್ದು ಅತ್ರ, ಯಾಕ ಅಳಾಕತ್ತೀ ಅಂತ ಕೇಳೋರಿರಬೇಕಲ್ಲ."

ಆ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅಜ್ಜಿ ಸಿಂದಗಿ ಬಿಟ್ಟು ಎಲ್ಲಿಗೂ ಹೋದವಳಲ್ಲ, ಹೈದರಾಬಾದೆಂದರೆ ಅವಳಿಗೆ ಕಳೆದುಹೋಗುವ ಊರು. ಅಪ್ಪ ತಾಯಿಯ ಮಾತು ಮೀರುವ ಮಗನಲ್ಲ. ಮನೆ ಹುಡುಕಲು ಅವ್ವನನ್ನು ಕರೆದುಕೊಂಡು ಹೊರಟಾಗ ಅಜ್ಜಿ ನನ್ನನ್ನೂ ಜೊತೆಗೆ ಕಳಿಸಿದಳು. "ನೀ ಕಣ್ಣಿಟ್ಟು ನೋಡು. ಬಾಜೂಕ ಯಾರದಾರ, ಏನು ಮಾತಾಡ್ತಾರ, ಎಲ್ಲಾ ನನಗ ಬಂದು ಹೇಳಬೇಕು," ಎಂದು ಗುಟ್ಟಾಗಿ ಹೇಳಿ ಕೈಯಲ್ಲೊಂದು ಬೆಲ್ಲದ ತುಂಡು ಇಟ್ಟಳು. ಅಂದರೆ ನಾನು ಅಜ್ಜಿಯ ಗೂಢಚಾರಿಣಿ. ಈ ಹುದ್ದೆಯನ್ನು ನಾನು ಎಷ್ಟು ಚೆನ್ನಾಗಿ ನಿಭಾಯಿಸಿದೆ ಎಂಬುದು ಮುಂದೆ ತಿಳಿಯುತ್ತದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಬಾಡಿಗೆ ಮನೆ ಹುಡುಕಿರಲಿಕ್ಕಿಲ್ಲ. ಎರಡು ದಿನ ಮೆಹದಿಪಟ್ಟಣಂನ ಸುತ್ತ ಕಾಲು ಸೋಲುವವರೆಗೆ ತಿರುಗಿದೆವು. ಮನೆ ತೋರಿಸಲು ಖಾದರ್ ಸಾಹೇಬ ಎಂಬ ದಲ್ಲಾಳಿ ಸೈಕಲ್ ತಳ್ಳಿಕೊಂಡು ಮುಂದೆ ಹೋಗುತ್ತಿದ್ದ. ಅಪ್ಪ ಪ್ರತಿ ಮನೆಯಲ್ಲೂ ಒಳಗೆ ಹೋಗಿ ನಲ್ಲಿ, ಗೂಡು, ಕಿಟಕಿ ನೋಡುತ್ತಿದ್ದ. ಅವ್ವ ಮಾತ್ರ ಹೊಸ್ತಿಲಿಗೆ ಬೆನ್ನು ಮಾಡಿ ಓಣಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಎದುರು ಮನೆಯ ಹಗ್ಗದ ಮೇಲೆ ಕೂಸಿನ ಅಂಗಿ ಇದೆಯೇ, ಅಂಗಡಿಯವನು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾನೆಯೇ, ಕಟ್ಟೆಯ ಮೇಲೆ ಯಾರಾದರೂ ಮುದುಕಿ ಕೂತಿದ್ದಾಳೆಯೇ. ಮುದುಕಿ ಕೂತ ಓಣಿಯಲ್ಲಿ ಏನೂ ಕಳೆಯುವುದಿಲ್ಲ ಎಂದು ಅವಳ ನಂಬಿಕೆ. ಈಗಿನವರು ಕ್ಯಾಮೆರಾ ಎಣಿಸುತ್ತಾರೆ, ಅವ್ವ ಮುದುಕಿಯರನ್ನು ಎಣಿಸುತ್ತಿದ್ದಳು.

ಖಾದರ್ ಸಾಹೇಬನಿಗೆ ಇದು ತಲೆಗೆ ಹತ್ತಲಿಲ್ಲ. "ಅಮ್ಮಾ, ಘರ್ ದೇಖೋ ನಾ. ಗಲ್ಲೀ ಕಾಯ್ಕೋ ದೇಖ್ರೇ?" ಎಂದ. ಮನೆ ನೋಡುವುದು ಬಿಟ್ಟು ಓಣಿ ಯಾಕೆ ನೋಡುತ್ತೀರಿ ಎಂದು ಅಪ್ಪ ಕನ್ನಡಕ್ಕೆ ತಂದ.

"ಮನಿಯಾಗ ನಾ ಇರ್ತೀನಿ. ಮಕ್ಕಳು ಓಣ್ಯಾಗ ಇರ್ತಾವ. ಯಾವುದು ನೋಡಬೇಕು ಅಂತ ಅವರನ್ನ ಕೇಳ್ರಿ," ಎಂದಳು ಅವ್ವ. ಅದನ್ನು ಅಪ್ಪ ಹಿಂದಿಗೆ ತಂದನೋ ಇಲ್ಲವೋ ನೆನಪಿಲ್ಲ.

ಮೊದಲ ದಿನ ಸಂಜೆ ಒಂದು ಮನೆ ಅಪ್ಪನಿಗೆ ಬಹಳ ಹಿಡಿಸಿತು. ಎರಡು ಕೋಣೆ, ಹಿತ್ತಲಲ್ಲಿ ಕರಿಬೇವಿನ ಗಿಡ, ಇಡೀ ದಿನ ನೀರು. ಅವ್ವ ಯಥಾಪ್ರಕಾರ ಹೊಸ್ತಿಲಲ್ಲಿದ್ದಳು. ಓಣಿಯಲ್ಲಿ ದೊಡ್ಡವರ ಸೈಕಲ್ ಹೊಡೆಯುತ್ತಿದ್ದ ಒಬ್ಬ ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡು ಅಳತೊಡಗಿದಳು. ಎರಡು ಕಿಟಕಿ ತೆರೆದವು, ನೋಡಿದವು, ಮತ್ತೆ ಮುಚ್ಚಿದವು. ಅವ್ವನೇ ಹೋಗಿ ಆ ಹುಡುಗಿಯನ್ನು ಎತ್ತಿ, ಸೆರಗಿನಿಂದ ಮಣ್ಣು ಒರೆಸಿ, ಅಪ್ಪನ ಕಡೆ ತಿರುಗಿ, "ನಡೀರಿ ಹೋಗೂಣು," ಎಂದಳು. ಅಪ್ಪ ಕರಿಬೇವಿನ ಗಿಡವನ್ನು ಒಮ್ಮೆ ತಿರುಗಿ ನೋಡಿ ಹಿಂದೆ ಬಂದ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಏಳು ಮನೆ ಮುಗಿದಿದ್ದವು. ಓಣಿ ಚೆನ್ನಾಗಿದ್ದ ಕಡೆ ಕನ್ನಡದವರಿಲ್ಲ, ಕನ್ನಡದವರೊಬ್ಬರು ಸಿಕ್ಕ ಕಡೆ ಮನೆ ಖಾಲಿ ಇಲ್ಲ. ಸಂಜೆಗೆ ನಮ್ಮ ಬಸ್ಸು. ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಓಣಿಯಲ್ಲಿ ಎಂಟನೆಯ ಮನೆ ತೋರಿಸಿದ ಖಾದರ್ ಸಾಹೇಬನ ದನಿಯಲ್ಲಿ ಆಸೆ ಉಳಿದಿರಲಿಲ್ಲ. ನೀರಿನ ಟಾಕಿ ನೋಡಲು ಅವನೂ ಅಪ್ಪನೂ ಮಾಳಿಗೆ ಹತ್ತಿದರು. ಪಕ್ಕದ ಮಾಳಿಗೆಯ ಮೇಲೆ ಯಾರೋ ಪಾರಿವಾಳ ಹಾರಿಸುತ್ತಿದ್ದರು. ಅಜ್ಜಿಯ ಗೂಢಚಾರಿಣಿ ಕೆಲಸ ಬಿಟ್ಟು ಪಾರಿವಾಳ ನೋಡಲು ಅವರ ಹಿಂದೆಯೇ ಮೆಟ್ಟಿಲು ಹತ್ತಿದಳು. ಬಹಳ ಹೊತ್ತು ನೋಡಿದಳು.

ಕೆಳಗೆ ಬಂದಾಗ ಅವ್ವ ಅಂಗಳದಲ್ಲಿ ನಿಂತಿದ್ದಳು. ಮುಖ ತೊಳೆದವಳ ಹಾಗೆ ಗೆಲುವಾಗಿತ್ತು. ಹಸಿರು ಸೀರೆಯ ಸೆರಗಿಗೆ ಬಿಳಿ ಹತ್ತಿತ್ತು, ಗೋಡೆಯ ಸುಣ್ಣ ತಾಗಿದೆ ಎಂದುಕೊಂಡೆ. ಪಕ್ಕದ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಆ ಸದ್ದು ಏನೆಂದು ಹೇಳಿಕೊಡಬೇಕಾಗಿಲ್ಲ.

"ಇದೇ ಇರ್ಲಿರಿ," ಎಂದಳು ಅವ್ವ. "ಬಾಜೂಕ ನಮ್ಮ ಮಂದಿ ಅದಾರ."

"ಯಾರು? ಕೇಳಿದೇನು?"

"ಕೇಳೂದೇನೈತಿ. ರೊಟ್ಟಿ ಬಡಿಯೂದು ಕೇಳಸವಲ್ದೇನು ನಿಮಗ? ನಮ್ಮ ಕಡೀದವರನ್ನ ಬಿಟ್ಟು ಯಾರು ಬಡೀತಾರ ರೊಟ್ಟಿ?"

ಅಪ್ಪ ಕಿವಿಗೊಟ್ಟು ಕೇಳಿ ತಲೆಯಾಡಿಸಿದ. ಈಗ ನಿಮಗೆ ನಗು ಬರಬಹುದು. ಆದರೆ ಜೋಳದ ರೊಟ್ಟಿ ಎಂಬುದು ನಮ್ಮ ನಾಲ್ಕು ಜಿಲ್ಲೆಯ ಸ್ವಂತ ಆಸ್ತಿ, ಅದರಾಚೆ ಲೋಕವೆಲ್ಲ ಅನ್ನ ಇಲ್ಲವೇ ಚಪಾತಿ ತಿಂದು ಬದುಕುತ್ತದೆ ಎಂದು ನಾವು ಗಟ್ಟಿಯಾಗಿ ನಂಬಿದ್ದ ಕಾಲ ಅದು. ಅಪ್ಪ ಎರಡು ವರ್ಷ ಆ ಊರಲ್ಲಿದ್ದರೂ ಖಾನಾವಳಿಯಲ್ಲಿ ಅನ್ನ ಉಂಡವನು, ಅವನಿಗೇನು ಗೊತ್ತು.

ಊರಿಗೆ ಬಂದ ಮೇಲೆ ಅಜ್ಜಿಯ ವಿಚಾರಣೆ ನಡೆಯಿತು. "ಯಾವ ಊರಿನವರಂತ?" ಎಂದು ಕೇಳಿದಳು. "ಊರು ಕೇಳಲಿಲ್ಲರಿ ಅತ್ತಿ. ರೊಟ್ಟಿ ಬಡಿಯೂದು ಕೇಳಿ ನಮ್ಮ ಮಂದಿ ಅಂತ ತಿಳೀತು," ಎಂದಳು ಅವ್ವ. ಅಜ್ಜಿ ನನ್ನ ಕಡೆ ನೋಡಿದಳು. ನಾನು ಎದೆಯುಬ್ಬಿಸಿ, "ಹೌದಜ್ಜಿ, ನಾನೂ ಕೇಳೀನಿ," ಎಂದು ಸಾಕ್ಷಿ ನುಡಿದೆ. ಪಾರಿವಾಳದ ಸುದ್ದಿ ಎತ್ತಲಿಲ್ಲ. ಅಜ್ಜಿ ಅವ್ವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಹೂಂ," ಎಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಹೂಂ ಅದು.

ಹೊರಡುವ ದಿನ ಅಜ್ಜಿ ತನ್ನ ಕೈಯಾರೆ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿ ಅವ್ವನ ಕೈಗೆ ಕೊಟ್ಟಳು. "ಬಾಜೂ ಮನಿಯಾಕಿಗೆ ಮೊದಲನೇ ದಿನಾನೇ ಕೊಡು. ಮಾತು ಬರಲಿಲ್ಲಂದ್ರ ಇದನ್ನ ಕೈಯಾಗ ಇಡು," ಎಂದಳು. ಅವ್ವ ಸ್ವಭಾವತಃ ಮೆತ್ತಗಿನವಳು, ಹೊಸಬರೆದುರು ಬಾಯಿ ತೆರೆಯುವುದಿಲ್ಲ ಎಂದು ಅಜ್ಜಿ ಹಾಗೆ ಹೇಳಿದಳೆಂದು ನಾನು ತಿಳಿದೆ.

ಆ ಮನೆಗೆ ಹೋಗಿ ಸಾಮಾನು ಇಳಿಸುವಾಗ ಪಕ್ಕದ ಮನೆಯಿಂದ ಎತ್ತರದ ಒಬ್ಬ ಹೆಂಗಸು, ಹಣೆಯ ಮೇಲೆ ಕಾಸಗಲ ಕುಂಕುಮ, ಕೊಡ ನೀರು ತಂದು ನಮ್ಮ ಹೊಸ್ತಿಲ ಮೇಲಿಟ್ಟು ಅಚ್ಚ ತೆಲುಗಿನಲ್ಲಿ ಮಾತಾಡತೊಡಗಿದಳು. ಅವಳೇ ಯಾದಮ್ಮ. ಚೇವೆಳ್ಳ ಕಡೆಯ ಹಳ್ಳಿಯವಳು. ಅವರಲ್ಲೂ ದಿನಾ ಜೋಳದ ರೊಟ್ಟಿ, ಜೊನ್ನ ರೊಟ್ಟೆ ಎನ್ನುತ್ತಾರೆ. ಕನ್ನಡದ ಒಂದಕ್ಷರ ಬರುವುದಿಲ್ಲ. ಅಪ್ಪ ಟ್ರಂಕು ಕೆಳಗಿಟ್ಟು ಅವ್ವನ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವ್ವ ಹೋಳಿಗೆಯ ಡಬ್ಬಿ ತೆಗೆದು ಯಾದಮ್ಮನ ಕೈಯಲ್ಲಿಟ್ಟಳು.

ಯಾದಮ್ಮನ ಮನೆಯಲ್ಲಿ ಮೂವರು ಮಕ್ಕಳು. ಸುಮಾ ಎಂಟು ದಿನಕ್ಕೆ ನಾಲ್ಕನೆಯವಳಾದಳು. ಒಂದು ಮಧ್ಯಾಹ್ನ ಎಲ್ಲರ ಕಣ್ಣು ತಪ್ಪಿಸಿ ಎಲ್ಲೋ ಹೋಗಿಬಿಟ್ಟಾಗ ಅವ್ವ ಬರಿಗಾಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ಓಡಿದ್ದಳು. ಓಣಿಯ ಕೊನೆಯಲ್ಲಿದ್ದ ಗಿರಣಿಯವನು ಸುಮಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೇರ ಯಾದಮ್ಮನ ಕಟ್ಟೆಗೆ ತಂದು ಇಳಿಸಿದ. ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ, ಯಾರ ಕಟ್ಟೆಯ ಮೇಲೆ ಆಡುವ ಕೂಸೆಂದು ಗೊತ್ತಿತ್ತು. ಸುಮಾಳ ತಲೆತುಂಬ ಹಿಟ್ಟು. ಅವ್ವ ಆ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತಳು, ಯಾದಮ್ಮ ಅವಳ ಬೆನ್ನ ಮೇಲೆ ಕೈಯಾಡಿಸುತ್ತ ತೆಲುಗಿನಲ್ಲಿ ಬೈದಳು. ಬೈಗುಳ ಅವ್ವನಿಗೆ ತಿಳಿಯಿತು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಯಾದಮ್ಮನ ಗಂಡ ಸಂಜೆ ಓಣಿಯ ಮೂಲೆಯಲ್ಲಿ ಕಾಣಿಸಿದ ಕೂಡಲೇ ಅವರ ಮಕ್ಕಳು "ನಾನ್ನಾ" ಎಂದು ಕೂಗುತ್ತ ಓಡುತ್ತಿದ್ದರು. ನಾನ್ನಾ ಎಂದರೆ ತೆಲುಗಿನಲ್ಲಿ ಅಪ್ಪ. ಒಂದು ಸಂಜೆ ನಮ್ಮಪ್ಪ ಊಟದ ಡಬ್ಬಿ ಹಿಡಿದು ಅದೇ ಮೂಲೆಯಲ್ಲಿ ಕಾಣಿಸಿದ. ಕಟ್ಟೆಯ ಮೇಲಿದ್ದ ಸುಮಾ ಥಟ್ಟನೆ ಎದ್ದು "ನಾನ್ನಾ" ಎಂದು ಕೂಗಿ ಓಡಿಹೋಗಿ ಅವನ ಕಾಲು ತಬ್ಬಿಕೊಂಡಳು. ಅಪ್ಪ ಡಬ್ಬಿಯನ್ನು ರಸ್ತೆಯ ಮೇಲೆ ಇಟ್ಟು ಅವಳನ್ನು ಎತ್ತಿಕೊಂಡ. ಡಬ್ಬಿ ಅಲ್ಲೇ ಉಳಿಯಿತು, ನಾನೇ ಹೋಗಿ ತಂದೆ. ಸುಮಾ ಅಪ್ಪ ಇರುವತನಕ ಅವನನ್ನು ನಾನ್ನಾ ಎಂದೇ ಕರೆದಳು.

ಸಂಕ್ರಾಂತಿಗೆ ಅಜ್ಜಿ ಬಂದಳು. ಪಕ್ಕದವರು ಕನ್ನಡದವರಲ್ಲ ಎಂದು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಅಜ್ಜಿ ಹಿತ್ತಲ ನಲ್ಲಿಗೆ ಹೋದಳು, ಅಲ್ಲಿ ಯಾದಮ್ಮ ಎದುರಾದಳು. "ರಾ ಅಮ್ಮಾ, ಕೂಸೋ," ಎಂದು ಒಳಗೆ ಕರೆದು ಕೂರಿಸಿ ಬಿಸಿ ರೊಟ್ಟಿ ಹಾಕಿದಳು. ಅವ್ವ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದಳು. ಅಜ್ಜಿ ಒಂದು ತುತ್ತು ಮುರಿದು, ಅಗಿದು, ನುಂಗಿ, "ಛಲೋ ಬೆಂದೈತಿ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ನಿನ್ನ ಕಿವಿಗೆ ಏನಾಗಿತ್ತವಾ?" ಎಂದಳು.

"ಸದ್ದು ಕೇಳಿ ಮೋಸ ಹೋದ್ನಿರಿ ಅತ್ತಿ," ಎಂದಳು ಅವ್ವ.

ಅಷ್ಟೇ. ಅವತ್ತಿನಿಂದ ಅವ್ವನ ಕಿವಿ ನಮ್ಮ ಮನೆಯ ನಗೆಮಾತಾಯಿತು. ಅವಳು ಏನನ್ನೇ ಕೇಳಿದೆನೆಂದರೂ, "ರೊಟ್ಟಿ ಕೇಳಿದ ಕಿವಿಯೇನು?" ಎನ್ನುವುದು. ಮದುವೆ ಮುಂಜಿಗಳಲ್ಲಿ ಈ ಕಥೆ ಹೇಳುವ ಕೆಲಸ ನನ್ನದು. ಸಲಕ್ಕೊಂದು ಹೊಸ ಮಸಾಲೆ ಸೇರಿಸಿ ಹೇಳುತ್ತಿದ್ದೆ. ಅವ್ವ ನಗುವವರ ನಡುವೆ ಕೂತು ತಾನೂ ನಗುತ್ತಿದ್ದಳು, ಒಂದು ಸಲವೂ ಎದುರಾಡಲಿಲ್ಲ. ಅವಳು ತೀರಿಕೊಂಡು ಆರು ವರ್ಷವಾಯಿತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಕಾರು ಮೇಲುಸೇತುವೆ ಇಳಿದು ಮೆಹದಿಪಟ್ಟಣಂ ಸೇರಿತ್ತು. ತೊಡೆಯ ಮೇಲಿನ ಹಿಟ್ಟು ಇನ್ನೂ ಉಗುರು ಬೆಚ್ಚಗಿತ್ತು. "ನನ್ನನ್ನ ಯಾದಮ್ಮನ ಓಣ್ಯಾಗ ಇಳಿಸು," ಎಂದೆ. ನಮ್ಮ ಮನೆಯಿಂದ ಆ ಓಣಿಗೆ ನಡೆದೇ ಹೋಗಬಹುದು. ಆದರೂ ಎರಡು ವರ್ಷಗಳಿಂದ ನಾನು ಹೋಗಿರಲಿಲ್ಲ. ನಮ್ಮ ಮಂದಿ, ನಮ್ಮ ಮಂದಿ ಎಂದು ಕಾವಲುಗಾರರನ್ನು ಪೀಡಿಸುತ್ತಿದ್ದವಳ ಹಣೆಬರಹ ಇದು. ಅಶ್ವಿನಿ ಇಳಿಸಿ, ಇರಾಳಿಗೆ ಊಟದ ಹೊತ್ತಾಯಿತೆಂದು ಮನೆಗೆ ಹೋದಳು.

ಯಾದಮ್ಮನ ಮನೆಯ ಜಾಗದಲ್ಲಿ ಅವಳ ಮಕ್ಕಳು ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ್ದಾರೆ. ಅವಳು ಮಾತ್ರ ಕೆಳಗೆ, ಗೇಟಿನ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾಳೆ. ಓಣಿಯಲ್ಲಿ ಇನ್ನೂ ಒಬ್ಬ ಮುದುಕಿ ಕೂತಿದ್ದಾಳೆಂದು ಸಮಾಧಾನವಾಯಿತು. "ಇಪ್ಪುಡು ಗುರ್ತೊಚ್ಚಿನ್ನಾ ಬಿಡ್ಡಾ?" ಈಗ ನೆನಪಾದೆನೇ ಮಗಳೇ ಎಂದು ಕೇಳಿ, ನನ್ನ ಕೈಯಿಂದ ಹಿಟ್ಟಿನ ಚೀಲ ತೆಗೆದುಕೊಂಡು, ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡಿದಳು. ಆಮೇಲೆ ಕನ್ನಡಕ್ಕೆ ತಿರುಗಿದಳು. ಅವ್ವ ಕಲಿಸಿದ ಕನ್ನಡ, ಅವ್ವನದೇ ರಾಗ.

ಮಗಳು ಮನೆ ಹುಡುಕುವ ಗೋಳು ತೋಡಿಕೊಂಡೆ. ಕೊನೆಗೆ ರೂಢಿಯಂತೆ, "ನಮ್ಮವ್ವನಂಗ ರೊಟ್ಟಿ ಸದ್ದು ಕೇಳಿ ಹಿಡಿದ್ರ ಆಗ್ತಿತ್ತು ನೋಡ್ರಿ," ಎಂದು ನಕ್ಕೆ. ಯಾದಮ್ಮ ನಗಲಿಲ್ಲ.

"ಆಕಿ ಇಲ್ಲ. ಇನ್ನ ಹೇಳಿದ್ರ ತಪ್ಪಿಲ್ಲ ಬಿಡ್ಡಾ," ಎಂದಳು. "ಅವತ್ತು ಆಕಿ ನನ್ನ ವಂಟಿಂಟ್ಯಾಗ, ಅಡಿಗಿ ಮನ್ಯಾಗ, ಬಂದಿದ್ಳು. ನಾ ಒಲಿ ಮುಂದ ಇದ್ದೆ. ಬಾಗಿಲದಾಗ ನಿಂತು ಹಿಂಗ ಕೈ ಮಾಡಿ ನೀರು ಕೇಳಿದ್ಳು. ಕೊಟ್ಟೆ. ಕುಡಿದು ಹೋಗಲಿಲ್ಲ, ಕುಂತ್ಳು. ಆಕಿ ಮಾತು ನನಗ ತಿಳೀಲಿಲ್ಲ, ನನ್ನ ಮಾತು ಆಕಿಗೆ ತಿಳ್ಯವಲ್ದು. ಹಿಟ್ಟು ತಗೊಂಡು ತಾನೂ ಒಂದು ರೊಟ್ಟಿ ಬಡಿದ್ಳು. ನಾ ಹಂಚಿನ ಮ್ಯಾಲೆ ಹಾಕಿದೆ. ಅಷ್ಟರಾಗ ನನ್ನ ಸಣ್ಣ ಹುಡುಗ ಹೊಸ್ತಿಲ ಎಡವಿ ಬಿದ್ದ. ನಾ ಏಳೂದರಾಗ ಎದುರು ಮನಿ ಮುದುಕಿ ಬಂದು ಎತ್ತಿಕೊಂಡ್ಳು. ನಿಮ್ಮವ್ವ ಅದನ್ನ ನೋಡಿಕೋತ ಕುಂತ್ಳು. ಆಮ್ಯಾಲೆ ಕೈ ಜಾಡಿಸಿಕೊಂಡು ಎದ್ದು ಹೋದ್ಳು."

ಅವತ್ತು ಅವ್ವನ ಸೆರಗಿಗೆ ಹತ್ತಿದ್ದು ಸುಣ್ಣವಲ್ಲ, ಹಿಟ್ಟು.

"ಮುಂದ ಎಷ್ಟೋ ವರ್ಷದ ಮ್ಯಾಲೆ ನನಗ ಹೇಳಿದ್ಳು. ಖರೆ ಹೇಳಿದ್ರ ಅತ್ತಿ ಮಕ್ಕಳನ್ನ ಬಿಡ್ತಿರಲಿಲ್ಲ ಯಾದಮ್ಮಾ, ಅದಕ ಕಿವಿ ಮ್ಯಾಲೆ ಹಾಕಿದೆ ಅಂತ. ಯಾರಿಗೂ ಹೇಳಬ್ಯಾಡ ಅಂದ್ಳು. ಮಂದಿ ನಗೂದು ನೋಡಿ ನನಗ ಸಿಟ್ಟು ಬರ್ತಿತ್ತು. ನಗ್ಲಿ ಬಿಡು, ನನ್ನ ಮನಿ ಅಂತೂ ಒಂದಾತು ಅಂತಿದ್ಳು."

ಆ ನಗುವವರಲ್ಲಿ ಮೊದಲನೆಯವಳು ನಾನು. ನಲವತ್ತು ವರ್ಷ ಊರನ್ನೆಲ್ಲ ಕೂಡಿಸಿ ಅವ್ವನನ್ನು ನೋಡಿ ನಗುವಂತೆ ಮಾಡಿದೆ. ಅವಳು ಗಂಡನಿಗೆ ಮಕ್ಕಳನ್ನು, ಮಕ್ಕಳಿಗೆ ಅಪ್ಪನನ್ನು ತಂದುಕೊಟ್ಟು ತಾನು ದಡ್ಡಿ ಎನಿಸಿಕೊಂಡು ಇದ್ದುಬಿಟ್ಟಳು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಯಾದಮ್ಮ ಅಂದಿನ ಹಾಗೆಯೇ ಬೆನ್ನ ಮೇಲೆ ಕೈಯಾಡಿಸಿದಳು. ಬರುವಾಗ ಹಿಟ್ಟಿನ ಚೀಲ ಅಲ್ಲೇ ಬಿಟ್ಟು ಬಂದೆ. ವಾರವಿಡೀ ಮನೆಯಲ್ಲಿ ಚಪಾತಿ ತಿಂದ ನನ್ನ ಗಂಡ, ಹಿಟ್ಟು ಎಲ್ಲಿ ಹೋಯಿತೆಂದು ಈಗಲೂ ಕೇಳುತ್ತಾನೆ.

ಹದಿನೈದು ದಿನದ ಮೇಲೆ ಅಶ್ವಿನಿ ಕೆಲಸದಿಂದಲೇ ಫೋನ್ ಮಾಡಿದಳು. ಶಂಶಾಬಾದಿನಲ್ಲಿ ಹೆದ್ದಾರಿಯಿಂದ ಒಳಗೆ ಒಂದು ಹಳೆಯ ಕಾಲೊನಿಯಲ್ಲಿ ಮನೆ ಸಿಕ್ಕಿದೆ, ನಾಳೆ ಬಂದು ನೋಡಬೇಕು ಎಂದಳು. ಆಮೇಲೆ ಸ್ವಲ್ಪ ತಡೆದು, "ಮಮ್ಮಿ, ಬಾಜೂಕ ನಮ್ಮ ಮಂದೀನೇ ಅದಾರ. ಬೀದರ ಕಡೀದವರಂತ," ಎಂದಳು. ಆ ತಡೆದದ್ದು ನನ್ನ ಕಿವಿಗೆ ಬಿತ್ತು.

ಮಾರನೆಯ ದಿನ ಬೆಳಿಗ್ಗೆ ಶೇಂಗಾ ಹೋಳಿಗೆಗೆ ಕೂತೆ. ಹೊಸ ಮನೆ ಹೊಗುವವರ ಕೈಗೆ ಡಬ್ಬಿ ಕೊಡುವುದು ಅಜ್ಜಿಯಿಂದ ಬಂದ ಅಭ್ಯಾಸ. ಹೂರಣ ಕಟ್ಟುತ್ತಿರುವಾಗ ಅಜ್ಜಿ ಅವತ್ತು ಹೇಳಿದ ಮಾತು ನೆನಪಿಗೆ ಬಂತು. ಮಾತು ಬರಲಿಲ್ಲಂದ್ರ ಇದನ್ನ ಕೈಯಾಗ ಇಡು. ಪಕ್ಕದಲ್ಲಿರುವವರು ನಮ್ಮ ಮಂದಿಯೇ ಆಗಿದ್ದರೆ ಮಾತು ಯಾಕೆ ಬರುವುದಿಲ್ಲ? ಅವ್ವ ಎಷ್ಟೇ ಮೆತ್ತಗಿನವಳಾದರೂ ನಮ್ಮ ಕಡೆಯವರೊಡನೆ ನಾಲ್ಕು ಮಾತು ಆಡಳೇ? ಅಜ್ಜಿ ಷರತ್ತು ಹಾಕಿದವಳು, ಹಾಕಿದ ಷರತ್ತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾರದವಳು. ಸೊಸೆಯ ಮುಖ ನೋಡಿ ಎಲ್ಲ ತಿಳಿದೇ ಹೂಂ ಎಂದಿದ್ದಳು.

ಮನೆ ಮೂರನೆಯ ಮಹಡಿಯಲ್ಲಿತ್ತು. ವಿಮಾನಗಳು ತಲೆಯ ಮೇಲೆ ಇಳಿಯುತ್ತಿದ್ದವು. ನಾನು ಒಳಗೆ ನೋಡಲಿಲ್ಲ, ಹೊಸ್ತಿಲಲ್ಲಿ ನಿಂತೆ. ಎದುರು ಬಾಗಿಲು ತೆರೆದಿತ್ತು, ಅದರ ಮುಂದೆ ಒಂದಿಷ್ಟು ಪುಟ್ಟ ಚಪ್ಪಲಿಗಳಿದ್ದವು. ಇರಾಳ ಕೆಂಪು ಚಪ್ಪಲಿಯೂ ಅಲ್ಲೇ ಇತ್ತು. ಮನೆ ಗೊತ್ತಾಗಿ ಎರಡು ದಿನವಾಗಿರಲಿಲ್ಲ, ಚಪ್ಪಲಿ ಆಗಲೇ ಪಕ್ಕದ ಮನೆ ಸೇರಿತ್ತು. ಒಳಗಿನಿಂದ ಒಂದು ಹೆಣ್ಣು ದನಿ, "ಇಂಗೋಟ್ಟು ವಾ ಮೋಳೇ," ಎಂದು ಮಲಯಾಳದಲ್ಲಿ ಹತ್ತಿರ ಕರೆಯಿತು. ಇರಾ ಹೂಂಗುಟ್ಟಿದಳು. ತೆಂಗಿನೆಣ್ಣೆಯಲ್ಲಿ ಏನೋ ಕರಿಯುತ್ತಿದ್ದ ವಾಸನೆ ಬಂತು.

ಅಶ್ವಿನಿ ನನ್ನ ಮುಖ ನೋಡದೆ ಬಾಗಿಲಿನ ಚಿಲಕ ನೋಡುತ್ತಿದ್ದಳು. ಅವ್ವ ಅವತ್ತು ಕಂಬ ಹಿಡಿದು ನಿಂತಿದ್ದಳಲ್ಲ, ಇವಳ ಕೈಯೂ ಹಾಗೇ ಬಾಗಿಲನ್ನು ಹಿಡಿದಿತ್ತು. ತಿಂಗಳ ಹಿಂದಿನ ನಾನಾಗಿದ್ದರೆ ಏನೆನ್ನುತ್ತಿದ್ದೆನೋ ನಿಮಗೆ ಗೊತ್ತೇ ಇದೆ.

"ದನಿ ಕೇಳಿದ್ರ ಗೊತ್ತಾಗ್ತೈತಿ," ಎಂದೆ. "ಬೀದರ ಕಡೀದವರ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಚೀಲದಿಂದ ಹೋಳಿಗೆಯ ಡಬ್ಬಿ ತೆಗೆದು ಅವಳ ಕೈಗೆ ಕೊಟ್ಟೆ.

"ಹೋಗು, ಕೊಟ್ಟು ಬಾ. ಮಾತು ಬರಲಿಲ್ಲಂದ್ರ ಇದನ್ನ ಕೈಯಾಗ ಇಡು."